ಸಭಾಂಗಣದಲ್ಲಿ ಕೂತವರ ಲೆಕ್ಕ

ಅಮೆರಿಕದ ಕಮ್ಯುನಿಟಿ ಕಾಲೇಜುಗಳು ಐವತ್ತು, ಅರವತ್ತು ವರ್ಷ ತುಂಬಿದಾಗ ತಮ್ಮ ಚರಿತ್ರೆ ಬರೆಸುತ್ತವೆ. ಆ ಚರಿತ್ರೆಗಳಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಇಷ್ಟು ದಶಕಗಳಲ್ಲಿ ಈ ಕಾಲೇಜಿನ ವೇದಿಕೆಗೆ ಯಾರು ಯಾರು ಬಂದು ಹಾಡಿದರು, ಕುಣಿದರು, ಮಾತಾಡಿದರು ಎಂಬ ಪಟ್ಟಿ ಅದು. ವಾದ್ಯವೃಂದಗಳು, ನೃತ್ಯ ತಂಡಗಳು, ಕಾದಂಬರಿಕಾರರು, ಗಗನಯಾತ್ರಿಗಳು, ಅಧಿಕಾರ ಬಿಟ್ಟ ರಾಜಕಾರಣಿಗಳು ಎಲ್ಲರೂ ಅದರಲ್ಲಿರುತ್ತಾರೆ. ಎರಡು ವರ್ಷದ ಕೋರ್ಸು ನಡೆಸುವ ಊರಿನ ಕಾಲೇಜಿಗೆ ಇಷ್ಟು ದೊಡ್ಡವರು ಬಂದಿದ್ದರೇ ಎಂದು ಓದುವವರಿಗೆ ಬೆರಗಾಗುತ್ತದೆ. ಪಟ್ಟಿಯ ಉದ್ದೇಶವೂ ಅದೇ.

ಆದರೆ ಆ ಸಂಜೆಗಳಲ್ಲಿ ಎದುರಿಗೆ ಕೂತವರು ಯಾರು ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ. ಕಾಲೇಜಿಗೆ ಫೀಸು ಕಟ್ಟಿದ ಹುಡುಗಿ ಕೂತಿದ್ದಳೋ, ಹೆದ್ದಾರಿಯಾಚೆಯ ಶ್ರೀಮಂತ ಬಡಾವಣೆಯಿಂದ ಕಾರಿನಲ್ಲಿ ಬಂದ ನಿವೃತ್ತ ದಂಪತಿ ಕೂತಿದ್ದರೋ? ಬಂದ ಅತಿಥಿ ಆ ಹುಡುಗಿಯ ಜೊತೆ ಒಂದು ಮಾತಾದರೂ ಆಡಿದರೋ? ಕಮ್ಯುನಿಟಿ ಕಾಲೇಜಿನ ಅತಿಥಿ ಕಾರ್ಯಕ್ರಮಗಳ ಬೆಲೆ ಕಟ್ಟಬೇಕಾದರೆ ಮೊದಲು ಕೇಳಬೇಕಾದದ್ದು ಇದನ್ನೇ ಎಂಬುದು ನನ್ನ ವಾದ. ಬಂದವರ ಹೆಸರು ಎಷ್ಟು ದೊಡ್ಡದು ಎಂಬುದು ಆಮೇಲಿನ ಮಾತು.

ಈ ಕಾಲೇಜುಗಳು ಎಂಥವು ಎಂದು ಸ್ವಲ್ಪ ಹೇಳಬೇಕು. 1901ರಲ್ಲಿ ಇಲಿನಾಯ್ಸ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಹೈಸ್ಕೂಲಿಗೆ ಎರಡು ವರ್ಷದ ಕಾಲೇಜು ಪಾಠ ಸೇರಿಸಿದ್ದರಿಂದ ಇವುಗಳ ಕಥೆ ಶುರುವಾಗುತ್ತದೆ. ಆಗ ಇವುಗಳನ್ನು ಜೂನಿಯರ್ ಕಾಲೇಜು ಎನ್ನುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಧ್ಯಕ್ಷ ಟ್ರೂಮನ್ ನೇಮಿಸಿದ ಉನ್ನತ ಶಿಕ್ಷಣ ಆಯೋಗ 1947ರಲ್ಲಿ ತನ್ನ ವರದಿ ಕೊಟ್ಟಿತು. ಮನೆಯಿಂದ ಓಡಾಡಿಕೊಂಡು ಓದಬಹುದಾದಷ್ಟು ಹತ್ತಿರದಲ್ಲಿ, ಕಡಿಮೆ ಖರ್ಚಿನಲ್ಲಿ, ಎಲ್ಲರಿಗೂ ಬಾಗಿಲು ತೆರೆದಿರುವ ಕಾಲೇಜುಗಳು ಬೇಕು ಎಂದಿತು. ಅವು ಊರಿನ ದೊಡ್ಡವರಿಗೂ ಕಲಿಕೆಯ, ಸಂಸ್ಕೃತಿಯ ಕೇಂದ್ರಗಳಾಗಬೇಕು ಎಂಬ ಆಶಯವೂ ಅದರಲ್ಲಿತ್ತು. ಇಂದು ದೇಶದಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ. ನರ್ಸಿಂಗ್, ವೆಲ್ಡಿಂಗ್, ಲೆಕ್ಕಪತ್ರ, ಅಡುಗೆ, ಇಂಗ್ಲಿಷ್ ಕಲಿಕೆ ಎಲ್ಲವೂ ಅಲ್ಲಿವೆ. ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ದಾಟುವ ಸೇತುವೆಯೂ ಅವೇ. ಅಂಕಗಳ ಅಡ್ಡಗೋಡೆ ಇಲ್ಲ, ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಾರೆ. ಹಾಗಾಗಿಯೇ ಸಿಗರೇಟು ಸೇದಲು ಬಿಡುವ ಹೈಸ್ಕೂಲು ಎಂದು ಗೇಲಿಯನ್ನೂ ಅವು ಕೇಳಬೇಕಾಯಿತು.

ಇಲ್ಲಿನ ವಿದ್ಯಾರ್ಥಿ ಬೆಳಿಗ್ಗೆ ಅಂಗಡಿಯಲ್ಲಿ ದುಡಿದು ಮಧ್ಯಾಹ್ನ ತರಗತಿಗೆ ಬರುತ್ತಾನೆ. ಇಲ್ಲವೇ ಮಗುವನ್ನು ತಾಯಿಯ ಹತ್ತಿರ ಬಿಟ್ಟು ಸಂಜೆ ಏಳಕ್ಕೆ ಬರುತ್ತಾಳೆ. ಹೆಚ್ಚಿನ ಕಾಲೇಜುಗಳಲ್ಲಿ ಹಾಸ್ಟೆಲ್ ಇಲ್ಲ. ತರಗತಿ ಮುಗಿದ ಕೂಡಲೇ ಎಲ್ಲರೂ ಕಾರು ನಿಲ್ಲಿಸಿದ ಕಡೆಗೋ ಬಸ್ ಸ್ಟಾಪಿಗೋ ನಡೆಯುತ್ತಾರೆ. ಹಾರ್ವರ್ಡ್‌ನಲ್ಲಿ ರಾತ್ರಿ ಎಂಟಕ್ಕೆ ಉಪನ್ಯಾಸ ಇಟ್ಟರೆ ಹುಡುಗರು ಕೋಣೆಯಿಂದ ಎದ್ದು ಬಂದರಾಯಿತು. ಇಲ್ಲಿ ಅದೇ ಎಂಟು ಗಂಟೆಗೆ ಕಾರ್ಯಕ್ರಮ ಇಟ್ಟರೆ ಕಾಲೇಜಿನವರಿಗಿಂತ ಹೊರಗಿನವರೇ ಹೆಚ್ಚು ಬರುತ್ತಾರೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಗಡಿಯಾರವೇ ಪ್ರೇಕ್ಷಕರನ್ನು ಆರಿಸಿಬಿಡುತ್ತದೆ.

ಊರೂರಿಗೆ ಅತಿಥಿಗಳನ್ನು ಕರೆಸುವ ಪದ್ಧತಿ ಅಮೆರಿಕದಲ್ಲಿ ಈ ಕಾಲೇಜುಗಳಿಗಿಂತ ಹಳೆಯದು. ಜೋಸಯ್ಯ ಹಾಲ್‌ಬ್ರೂಕ್ ಎಂಬಾತ 1826ರಲ್ಲಿ ಮ್ಯಾಸಚೂಸೆಟ್ಸ್‌ನ ಮಿಲ್‌ಬರಿಯಲ್ಲಿ ಲೈಸಿಯಂ ಎಂಬ ಊರ ಉಪನ್ಯಾಸ ಸಂಘ ಕಟ್ಟಿದ. ರೈತರೂ ಕಾರ್ಖಾನೆ ಕೆಲಸಗಾರರೂ ಸಂಜೆ ಸೇರಿ ವಿಜ್ಞಾನ, ಚರಿತ್ರೆ ಕೇಳುವ ವ್ಯವಸ್ಥೆ ಅದು. ಎಮರ್ಸನ್ ಜೀವನ ಸಾಗಿಸಿದ್ದೇ ಬಹುಪಾಲು ಇಂಥ ವೇದಿಕೆಗಳ ಸಂಭಾವನೆಯಿಂದ. ಕಾಲ ಕಳೆದಂತೆ ಉಪನ್ಯಾಸ ವ್ಯಾಪಾರವಾಯಿತು, ಏಜೆನ್ಸಿಗಳು ಹುಟ್ಟಿಕೊಂಡವು. 1893ರ ಸರ್ವಧರ್ಮ ಸಮ್ಮೇಳನದ ನಂತರ ವಿವೇಕಾನಂದರು ಅಂಥ ಒಂದು ಲೈಸಿಯಂ ಏಜೆನ್ಸಿಯ ಕರಾರಿಗೆ ಸಹಿ ಹಾಕಿ ಊರೂರು ಸುತ್ತಿದರು. ಹಣದ ವಿಚಾರದಲ್ಲಿ ಮೋಸ ಹೋದೆನೆಂದು ಕಂಡು, ನಷ್ಟ ಮಾಡಿಕೊಂಡೇ ಅದರಿಂದ ಬಿಡಿಸಿಕೊಂಡರು. ಅತಿಥಿಯ ಹೆಸರನ್ನು ಮಾರುವವರು ಒಬ್ಬರು, ಕೇಳುಗರು ಇನ್ನೊಬ್ಬರು ಎಂಬ ಬಿರುಕು ಅಷ್ಟು ಹಳೆಯದು. ಕಮ್ಯುನಿಟಿ ಕಾಲೇಜುಗಳು ಈ ಪರಂಪರೆಯ ಒಳ್ಳೆಯದರ ಜೊತೆಗೆ ಈ ಬಿರುಕನ್ನೂ ಪಡೆದವು.

ಬಿರುಕು ಸ್ಪಷ್ಟವಾಗಿ ಕಾಣುವ ಜಾಗ ಕ್ಯಾಲಿಫೋರ್ನಿಯಾದ ಕೂಪರ್ಟಿನೊ. ಕರ್ನಾಟಕದ ಎಷ್ಟೋ ಮನೆಗಳಿಗೆ ಈ ಊರು ಪರಿಚಿತ. ಮಗನೋ ಸೊಸೆಯೋ ಅಲ್ಲಿ ಅಥವಾ ಪಕ್ಕದ ಸನ್ನಿವೇಲ್‌ನಲ್ಲಿ ಇದ್ದಾರೆ. ಅಲ್ಲಿನ ಡಿ ಆಂಜಾ ಕಾಲೇಜು ಶುರುವಾದದ್ದು 1967ರಲ್ಲಿ. ಆಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಸ್ವಲ್ಪ ಕಾಲ ಅಲ್ಲಿ ಓದಿದ್ದರು. 1971ರಲ್ಲಿ ಕಾಲೇಜಿನ ಆವರಣದಲ್ಲೇ ಫ್ಲಿಂಟ್ ಸೆಂಟರ್ ಎಂಬ ಸಭಾಂಗಣ ತೆರೆಯಿತು. ಸುಮಾರು 2,400 ಆಸನಗಳು. ಆ ಕಾಲಕ್ಕೆ ಆ ಸುತ್ತಿನಲ್ಲಿ ಇಷ್ಟು ದೊಡ್ಡ ಒಳಾಂಗಣ ರಂಗಮಂದಿರ ಸಿಗುವುದೇ ಕಷ್ಟವಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ ಅಲ್ಲಿಗೆ ಬಂದು ನುಡಿಸುತ್ತಿತ್ತು. ಸೋದರ ಸಂಸ್ಥೆಯಾದ ಫುಟ್‌ಹಿಲ್ ಕಾಲೇಜಿನಲ್ಲಿ 1968ರಲ್ಲಿ ಆರಂಭವಾದ ಸೆಲೆಬ್ರಿಟಿ ಫೋರಂ ಎಂಬ ಉಪನ್ಯಾಸ ಮಾಲೆ ದಶಕಗಳ ಕಾಲ ಫ್ಲಿಂಟ್ ಸೆಂಟರ್‌ನಲ್ಲಿ ತುಂಬಿದ ಸಭೆಗೆ ನಡೆಯಿತು.

1984ರ ಜನವರಿ 24ರಂದು ಆಪಲ್‌ನ ಷೇರುದಾರರ ಸಭೆ ನಡೆದದ್ದೂ ಅಲ್ಲೇ. ಬೋ ಟೈ ಕಟ್ಟಿ, ಗಾಢ ಬಣ್ಣದ ಕೋಟು ತೊಟ್ಟ ಸ್ಟೀವ್ ಜಾಬ್ಸ್ ಒಂದು ಚೀಲದಿಂದ ಸಣ್ಣ ಪೆಟ್ಟಿಗೆಯಂಥ ಯಂತ್ರವನ್ನು ಹೊರತೆಗೆದು ಮೇಜಿನ ಮೇಲಿಟ್ಟರು. ಜೇಬಿನಿಂದ ಫ್ಲಾಪಿ ತೆಗೆದು ತೂರಿಸಿದರು. ಪರದೆಯ ಮೇಲೆ ಅಕ್ಷರಗಳು ಹರಿದವು. ಆಮೇಲೆ ಯಂತ್ರ ತಾನೇ ಮಾತಾಡಿ ತನ್ನನ್ನು ಪರಿಚಯಿಸಿಕೊಂಡಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಇತ್ತು. ಮ್ಯಾಕಿಂಟಾಷ್ ಲೋಕಕ್ಕೆ ಬಂದದ್ದು ಹೀಗೆ, ಒಂದು ಕಮ್ಯುನಿಟಿ ಕಾಲೇಜಿನ ವೇದಿಕೆಯಲ್ಲಿ. 1998ರಲ್ಲಿ ಐಮ್ಯಾಕ್ ಕೂಡ ಅದೇ ವೇದಿಕೆಯಲ್ಲಿ ಬಂತು. 2014ರ ಸೆಪ್ಟೆಂಬರ್‌ನಲ್ಲಿ ಐಫೋನ್ 6 ಮತ್ತು ಆಪಲ್ ವಾಚ್ ಬಂದವು. ಅತಿಥಿಗಳ ಪಟ್ಟಿಯಲ್ಲಿ ಇದಕ್ಕಿಂತ ಹೊಳೆಯುವ ಸಾಲು ಯಾವ ಕಾಲೇಜಿಗೂ ಸಿಗಲಾರದು.

ಆದರೆ ಅಂದು ಆಸನಗಳಲ್ಲಿ ಕೂತವರು ಷೇರುದಾರರು, ಕಂಪನಿಯ ನೌಕರರು, ಪತ್ರಕರ್ತರು. ಕಾಲೇಜು ಒದಗಿಸಿದ್ದು ಜಾಗ ಮಾತ್ರ. ಪಕ್ಕದ ಕಟ್ಟಡದಲ್ಲಿ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದ ವಿದ್ಯಾರ್ಥಿಗಳನ್ನು ಒಳಗೆ ಕರೆದು ಕೂರಿಸುವ ಷರತ್ತು ಹಾಕಲು ಬಾಡಿಗೆಗೆ ಕೊಟ್ಟವರಿಗೆ ಯಾವ ಅಧಿಕಾರವೂ ಇರುವುದಿಲ್ಲ. ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಅದೇ 1984ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ ಮೊದಲ ಬಾರಿಗೆ ರಾಜ್ಯಾದ್ಯಂತ ಪ್ರವೇಶ ಶುಲ್ಕ ಹೇರಿತು. ಅಲ್ಲಿಯವರೆಗೆ ರಾಜ್ಯದವರಿಗೆ ಅಲ್ಲಿ ಓದು ಉಚಿತವಾಗಿತ್ತು. 1978ರಲ್ಲಿ ಮತದಾರರು ಪ್ರಾಪರ್ಟಿ ಟ್ಯಾಕ್ಸ್‌ಗೆ ಮಿತಿ ಹಾಕಿದ ಪ್ರಾಪೊಸಿಷನ್ 13ರ ನಂತರ ಕಾಲೇಜುಗಳ ಸ್ಥಳೀಯ ಆದಾಯ ಕುಸಿದಿತ್ತು. ಶುಲ್ಕ ದೊಡ್ಡದೇನಲ್ಲ, ಒಂದು ಸೆಮಿಸ್ಟರಿಗೆ ಗರಿಷ್ಠ 50 ಡಾಲರ್. ಆದರೂ ಒಂದೇ ವರ್ಷದಲ್ಲಿ ಒಂದು ಕಡೆ ವೇದಿಕೆಯ ಮೇಲೆ ಲೋಕ ಬದಲಿಸುವ ಯಂತ್ರ ಬಂತು, ಇನ್ನೊಂದು ಕಡೆ ಕಾಲೇಜಿನ ಬಾಗಿಲಲ್ಲಿ ಹಣ ಕೇಳುವ ಪದ್ಧತಿ ಬಂತು. ಸರ್ಕಾರ ಕೈ ಹಿಂದೆ ತೆಗೆದುಕೊಂಡಾಗ ಕಾಲೇಜುಗಳು ಸಭಾಂಗಣವನ್ನು ಆದಾಯದ ಮೂಲವೆಂದು ನೋಡತೊಡಗಿದರೆ ಆಶ್ಚರ್ಯವಿಲ್ಲ.

2019ರಲ್ಲಿ ಕಾಲೇಜಿನ ಆಡಳಿತ ಮಂಡಳಿ ಫ್ಲಿಂಟ್ ಸೆಂಟರನ್ನು ಮುಚ್ಚಲು ತೀರ್ಮಾನಿಸಿತು. ಹಳೆಯ ಕಟ್ಟಡದ ದುರಸ್ತಿಗೆ ಆಗುವ ಖರ್ಚು, ಕಾಲೇಜಿನ ವಿದ್ಯಾರ್ಥಿಗಳಿಗೆ ಅದರಿಂದ ಆಗುತ್ತಿದ್ದ ಅಲ್ಪ ಉಪಯೋಗ, ಎರಡೂ ಆಗ ಚರ್ಚೆಗೆ ಬಂದವು. ಊರಿನ ಸಂಗೀತಪ್ರಿಯರು ನೊಂದರು. ನನಗೂ ಅದು ದುಃಖದ ಸಂಗತಿಯೇ. 2,400 ಜನ ಒಟ್ಟಿಗೆ ಕೂತು ಕೇಳುವ ಜಾಗ ಮತ್ತೆ ಕಟ್ಟುವುದು ಸುಲಭವಲ್ಲ. ಆದರೆ ಮುಚ್ಚಿದ್ದು ಏಕೆ ಸಾಧ್ಯವಾಯಿತು ಎಂದರೆ ಇದು ನಮ್ಮದು ಎಂದು ಕೂಗಿ ಹೇಳುವ ವಿದ್ಯಾರ್ಥಿ ಸಮೂಹ ಅದರ ಹಿಂದೆ ಇರಲಿಲ್ಲ. ಅದೇ ಆವರಣದ ಪಾರ್ಕಿಂಗ್ ಜಾಗದಲ್ಲಿ ದಶಕಗಳ ಕಾಲ ಪ್ರತಿ ತಿಂಗಳ ಮೊದಲ ಶನಿವಾರ ಒಂದು ಸಂತೆ ನಡೆಯುತ್ತಿತ್ತು. ಹಳೆಯ ಪಾತ್ರೆ, ಪುಸ್ತಕ, ಸೈಕಲ್ಲು, ಗಿಡ ಎಲ್ಲ ಸಿಗುತ್ತಿದ್ದ ಆ ಸಂತೆಯನ್ನು ನಡೆಸುತ್ತಿದ್ದವರು ಕಾಲೇಜಿನ ವಿದ್ಯಾರ್ಥಿ ಸಂಘದವರು. ಅದರ ಆದಾಯ ವಿದ್ಯಾರ್ಥಿ ಚಟುವಟಿಕೆಗಳಿಗೆ ಹೋಗುತ್ತಿತ್ತು. ಸಂತೆ ವಿದ್ಯಾರ್ಥಿಗಳದ್ದಾಗಿತ್ತು, ಸಭಾಂಗಣ ಹಾಗೆ ಆಗಲೇ ಇಲ್ಲ.

ಮ್ಯಾಕಿಂಟಾಷ್ ಬಂದ ಅದೇ 1984ರಲ್ಲಿ ದೇಶದ ಇನ್ನೊಂದು ತುದಿಯಲ್ಲಿ, ಫ್ಲಾರಿಡಾದ ಮಯಾಮಿಯಲ್ಲಿ, ಬೇರೊಂದು ದಾರಿ ಹಿಡಿದ ಕಾಲೇಜು ಇತ್ತು. ಇಂದು ಮಯಾಮಿ ಡೇಡ್ ಕಾಲೇಜು ಎನ್ನುವ ಆ ಸಂಸ್ಥೆ 1960ರಲ್ಲಿ ತರಗತಿ ಶುರು ಮಾಡಿದಾಗ ಅಮೆರಿಕದ ದಕ್ಷಿಣದಲ್ಲಿ ವರ್ಣಭೇದ ಇನ್ನೂ ಕಾನೂನಿನ ಬಲದಲ್ಲಿತ್ತು. ಆದರೂ ಅದು ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಕ್ಯೂಬಾದಿಂದ ತಂದೆ ತಾಯಿ ಇಲ್ಲದೆ ವಿಮಾನದಲ್ಲಿ ಬಂದಿಳಿದ ಸಾವಿರಾರು ಮಕ್ಕಳಲ್ಲಿ ಎಡ್ವಾರ್ಡೊ ಪಡ್ರೋನ್ ಎಂಬ ಹದಿನೈದು ವರ್ಷದ ಹುಡುಗನೂ ಇದ್ದ. ಅವನಿಗೆ ಬಾಗಿಲು ತೆರೆದದ್ದು ಈ ಕಾಲೇಜೇ. ಮುಂದೆ ಆತ ಅಲ್ಲೇ ಮೇಷ್ಟರಾಗಿ, ನಗರದ ನಡುವಿನ ವುಲ್ಫ್‌ಸನ್ ಆವರಣದ ಮುಖ್ಯಸ್ಥರಾಗಿ, 1995ರಿಂದ 2019ರವರೆಗೆ ಇಡೀ ಕಾಲೇಜಿನ ಅಧ್ಯಕ್ಷರಾಗಿ ಕೆಲಸ ಮಾಡಿದರು. ಪಡ್ರೋನ್, ಪುಸ್ತಕದಂಗಡಿ ನಡೆಸುತ್ತಿದ್ದ ಮಿಚೆಲ್ ಕಪ್ಲಾನ್ ಮತ್ತು ಊರಿನ ಕೆಲವರು ಸೇರಿ 1984ರಲ್ಲಿ ವುಲ್ಫ್‌ಸನ್ ಆವರಣದಲ್ಲಿ ಒಂದು ಪುಸ್ತಕ ಮೇಳ ಮಾಡಿದರು. ಆಗಿನ ಮಯಾಮಿಯ ಸ್ಥಿತಿ ನೆನೆಯಬೇಕು. 1980ರಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಬಂದಿದ್ದರು. ಅದೇ ವರ್ಷ ಜನಾಂಗೀಯ ಗಲಭೆಯಲ್ಲಿ ಊರು ಹೊತ್ತಿ ಉರಿದಿತ್ತು. ನಗರದ ನಡುಭಾಗಕ್ಕೆ ಸಂಜೆ ಹೊತ್ತು ಹೋಗಲು ಜನ ಹಿಂಜರಿಯುತ್ತಿದ್ದರು. ಅಂಥ ಜಾಗದಲ್ಲಿ ಬೀದಿ ಬಂದ್ ಮಾಡಿ ಪುಸ್ತಕದ ಮಳಿಗೆ ಹಾಕಿದರು, ಲೇಖಕರನ್ನು ಕರೆಸಿದರು.

ಮೇಳ ಇಂದಿಗೂ ನಡೆಯುತ್ತದೆ. ಪ್ರತಿ ನವೆಂಬರ್‌ನಲ್ಲಿ ಒಂದು ವಾರ. ಕೊನೆಯ ದಿನಗಳಲ್ಲಿ ಬೀದಿ ಸಂತೆ. ನೂರಾರು ಲೇಖಕರು ಬರುತ್ತಾರೆ. ಇಂಗ್ಲಿಷಿನಲ್ಲಷ್ಟೇ ಓದಿ ಹೋದರೆ ಆಗದು, ಸ್ಪ್ಯಾನಿಷ್ ಲೇಖಕರಿಗೆ ಬೇರೆ ಗೋಷ್ಠಿಗಳಿವೆ. ಕಾರಣ ಸರಳ: ಆ ಕಾಲೇಜಿನ ಬಹುಪಾಲು ವಿದ್ಯಾರ್ಥಿಗಳ ಮನೆಯಲ್ಲಿ ಆಡುವ ಭಾಷೆ ಅದು. ಗೋಷ್ಠಿ ನಡೆಯುವುದು ನಿತ್ಯ ಪಾಠ ನಡೆಯುವ ಆವರಣದಲ್ಲಿ, ಅವೇ ಕೋಣೆಗಳಲ್ಲಿ. ಸೋಮವಾರ ಲೆಕ್ಕ ಕಲಿತ ಕೋಣೆಗೆ ಶನಿವಾರ ಒಬ್ಬ ಕವಿ ಬಂದು ಓದಿದರೆ ಆ ಕೋಣೆಯ ಬಗ್ಗೆ ಹುಡುಗನ ಭಾವನೆ ಬದಲಾಗುತ್ತದೆ ಎಂದು ನಾನು ನಂಬುತ್ತೇನೆ. ಸಾಹಿತ್ಯ ಎಲ್ಲೋ ಬೇರೆಯವರ ಊರಿನಲ್ಲಿ ನಡೆಯುವ ವ್ಯವಹಾರ ಎಂಬ ಅಂಜಿಕೆ ಹೀಗೇ ಕರಗಬೇಕು.

ಅದೇ ಕಾಲೇಜಿಗೆ ದೇಶದ ಇಬ್ಬರು ಅಧ್ಯಕ್ಷರೂ ಪದವಿ ಪ್ರದಾನದ ಭಾಷಣಕ್ಕೆ ಬಂದರು, 2007ರಲ್ಲಿ ಜಾರ್ಜ್ ಬುಷ್, 2011ರಲ್ಲಿ ಬರಾಕ್ ಒಬಾಮ. ಒಬ್ಬರು ರಿಪಬ್ಲಿಕನ್, ಇನ್ನೊಬ್ಬರು ಡೆಮಾಕ್ರಟ್. ಇಬ್ಬರೂ ಅಲ್ಲಿ ಎತ್ತಿದ್ದು ವಲಸೆ ಕಾನೂನಿನ ಸುಧಾರಣೆಯ ಮಾತನ್ನೇ. ಎದುರಿಗೆ ಕೂತವರು ಬೇರೆ ಬೇರೆ ದೇಶಗಳಿಂದ ಬಂದು ನೆಲೆ ಹುಡುಕುತ್ತಿದ್ದ ಹುಡುಗ ಹುಡುಗಿಯರು. ಅವರ ಮುಂದೆ ಬೇರೆ ಯಾವ ಮಾತಿಗೂ ತೂಕ ಬರುತ್ತಿರಲಿಲ್ಲ. ಅತಿಥಿ ಏನು ಮಾತಾಡಬೇಕೆಂದು ಅಲ್ಲಿ ಸಭೆಯೇ ತೀರ್ಮಾನಿಸಿತು ಎನ್ನಬಹುದು. ಸಭಾಂಗಣ ಬಾಡಿಗೆಗೆ ಕೊಟ್ಟಾಗ ಇದು ಆಗುವುದಿಲ್ಲ.

ಇನ್ನೂ ಸಣ್ಣ, ಇನ್ನೂ ಬಡ ಕಾಲೇಜೊಂದರ ಉದಾಹರಣೆ ನನಗೆ ಇದಕ್ಕಿಂತ ಪ್ರಿಯವಾದದ್ದು. ನ್ಯೂಯಾರ್ಕಿನ ದಕ್ಷಿಣ ಬ್ರಾಂಕ್ಸ್‌ನಲ್ಲಿ 1968ರಲ್ಲಿ ಹುಟ್ಟಿದ ಹೋಸ್ಟೋಸ್ ಕಮ್ಯುನಿಟಿ ಕಾಲೇಜು ಅದು. ಪೋರ್ಟೊ ರಿಕೊದ ಶಿಕ್ಷಣತಜ್ಞ ಯುಹೆನಿಯೊ ಮರಿಯಾ ದೆ ಹೋಸ್ಟೋಸ್ ಅವರ ಹೆಸರು ಅದಕ್ಕೆ. ಹಳೆಯ ಟೈರು ಕಾರ್ಖಾನೆಯೊಂದರಲ್ಲಿ ತರಗತಿಗಳು ಶುರುವಾದವು. ಸ್ಪ್ಯಾನಿಷ್ ಆಡುವವರು ತಮ್ಮ ಭಾಷೆಯಲ್ಲೇ ಕೆಲವು ವಿಷಯ ಕಲಿಯುತ್ತ ಇಂಗ್ಲಿಷ್ ಕಲಿಯಲಿ ಎಂಬುದು ಅಲ್ಲಿನ ಪದ್ಧತಿ. ಎಪ್ಪತ್ತರ ದಶಕದ ನಡುವೆ ನ್ಯೂಯಾರ್ಕ್ ನಗರವೇ ದಿವಾಳಿಯ ಅಂಚಿಗೆ ಬಂದಾಗ ಈ ಕಾಲೇಜನ್ನು ಮುಚ್ಚುವ ಪ್ರಸ್ತಾಪ ಬಂತು. 1976ರಲ್ಲಿ ವಿದ್ಯಾರ್ಥಿಗಳು, ಮೇಷ್ಟರು, ಬಡಾವಣೆಯ ಜನ ಸೇರಿ ಕಟ್ಟಡದೊಳಗೆ ಕೂತುಬಿಟ್ಟರು, ಬೀದಿಗಿಳಿದರು. ಕಾಲೇಜು ಉಳಿಯಿತು.

ಅಂಥ ಕಾಲೇಜಿಗೆ ಆಮೇಲೆ ಒಂದು ಕಲಾಕೇಂದ್ರ, ರಂಗಮಂದಿರ ಬಂದವು. ಅಲ್ಲಿಗೆ ಯಾರನ್ನು ಕರೆಸಬೇಕು ಎಂಬ ಬಗ್ಗೆ ಗೊಂದಲ ಇರಲಿಲ್ಲ. 2000ದಿಂದ ಅಲ್ಲಿ ಎರಡು ವರ್ಷಕ್ಕೊಮ್ಮೆ ಬೋಂಪ್ಲೆನಾಸೊ ಎಂಬ ಹಬ್ಬ ನಡೆದುಕೊಂಡು ಬಂದಿದೆ. ಪೋರ್ಟೊ ರಿಕೊದಲ್ಲಿ ಆಫ್ರಿಕನ್ ಮೂಲದ ಜನ ಬೆಳೆಸಿದ ಬೋಂಬಾ ಮತ್ತು ಪ್ಲೇನಾ ಎಂಬ ಎರಡು ಕಲೆಗಳ ಹಬ್ಬ ಅದು. ಬೋಂಬಾ ಕಬ್ಬಿನ ತೋಟಗಳ ಗುಲಾಮಗಿರಿಯ ಕಾಲದ್ದು. ಹಿಂದೆ ರಮ್ ತುಂಬುವ ಪೀಪಾಯಿಗಳಿಗೆ ಆಡಿನ ಚರ್ಮ ಬಿಗಿದು ಅದರ ನಗಾರಿಗಳನ್ನು ಮಾಡುತ್ತಿದ್ದರು. ಅದರ ಒಂದು ನಿಯಮ ನೋಡಿ: ಕುಣಿಯುವವರು ವಾದ್ಯಕ್ಕೆ ಹೆಜ್ಜೆ ಹಾಕುವುದಿಲ್ಲ, ಮುಖ್ಯ ನಗಾರಿಯವನೇ ಕುಣಿಯುವವಳನ್ನು ಹಿಂಬಾಲಿಸಬೇಕು. ಅವಳು ಲಂಗದ ಅಂಚು ಹಿಡಿದು ಒಮ್ಮೆ ಝಾಡಿಸಿದರೆ ಆ ಝಾಡಿಸುವಿಕೆಗೆ ಒಂದು ಪೆಟ್ಟು, ಭುಜ ಕುಣಿಸಿದರೆ ಅದಕ್ಕೊಂದು ಪೆಟ್ಟು. ಅವಳು ಏನು ಮಾಡುತ್ತಾಳೆಂದು ಮೊದಲೇ ಗೊತ್ತಿರುವುದಿಲ್ಲ. ಕಣ್ಣು ಅವಳ ಮೈಮೇಲೆ ನೆಟ್ಟು, ಕೈ ಅವಳ ಹಿಂದೆಯೇ ಓಡಬೇಕು. ಇದನ್ನು ದೂರದ ಆಸನದಲ್ಲಿ ಕೂತು ನೋಡಿದರೆ ಗದ್ದಲದ ಕುಣಿತವಾಗಿ ಕಾಣಬಹುದು. ಹತ್ತಿರ ನಿಂತು, ಒಮ್ಮೆ ತಾನೇ ಲಂಗದ ಅಂಚು ಝಾಡಿಸಿ ನಗಾರಿ ತನಗೆ ಉತ್ತರ ಕೊಟ್ಟದ್ದನ್ನು ಕೇಳಿದವರಿಗೆ ಮಾತ್ರ ಆ ಕಲೆಯ ಮರ್ಮ ತಿಳಿಯುತ್ತದೆ. ಹಬ್ಬದಲ್ಲಿ ಪ್ರದರ್ಶನದ ಜೊತೆಗೆ ಕಲಿಸುವ ಕಮ್ಮಟಗಳೂ ಇರುವುದು ಅದಕ್ಕೇ. ಅತಿಥಿಯಾಗಿ ಬಂದವರ ಕಲೆಗೆ ವಾರಸುದಾರರು ಎದುರಿಗೇ ಕೂತಿರುತ್ತಾರೆ.

ಖರ್ಚಿನ ಪ್ರಶ್ನೆ ಏಳುವುದು ಸಹಜ. ಬಸ್ ಮೆಕ್ಯಾನಿಕ್ ಕೋರ್ಸಿಗೆ ಸೇರಿದವನ ಫೀಸಿನಿಂದ ಪಿಟೀಲು ಕಚೇರಿ ಏಕೆ ಮಾಡಿಸಬೇಕು ಎಂದು ಕೇಳುವವರನ್ನು ನಾನು ಅರಸಿಕರೆಂದು ತಳ್ಳಿಹಾಕಲಾರೆ. ಹಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಂದ ಚಟುವಟಿಕೆ ಶುಲ್ಕ ಎಂದು ಬೇರೆಯಾಗಿ ಪಡೆಯುತ್ತಾರೆ; ಅತಿಥಿಗಳ ಸಂಭಾವನೆಯ ಒಂದು ಭಾಗ ಅದರಿಂದ ಹೋಗುತ್ತದೆ. ದಿನಕ್ಕೆರಡು ಪಾಳಿ ದುಡಿಯುವವನಿಗೆ ಆ ಹಣ ಸಣ್ಣದಲ್ಲ. ತಾನು ಕಟ್ಟಿದ ಹಣದಲ್ಲಿ ನಡೆಯುವ ಕಚೇರಿಗೆ ತನಗೇ ಬರಲಾಗದಿದ್ದರೆ ಅದು ಅನ್ಯಾಯವೇ ಸರಿ. ಆದರೆ ಈ ಅನ್ಯಾಯಕ್ಕೆ ಕಚೇರಿ ನಿಲ್ಲಿಸುವುದು ಪರಿಹಾರವಾಗದು. ಮೆಕ್ಯಾನಿಕ್‌ಗೆ ಕೌಶಲ ಸಾಕು, ರಾಗ ಬೇಡ ಎಂದು ಅವನ ಪರವಾಗಿ ತೀರ್ಮಾನಿಸಲು ನಾವು ಯಾರು? ಹಣವಂತರ ಮಕ್ಕಳು ಓದುವ ಕಡೆ ಈ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಅಲ್ಲಿ ಸಂಗೀತ, ನಾಟಕ, ಭಾಷಣ ಎಲ್ಲವೂ ಓದಿನ ಭಾಗವೆಂದೇ ನಡೆಯುತ್ತದೆ. ಪ್ರಶ್ನೆ ಏಳುವುದು ಬಡವರ ಕಾಲೇಜಿನಲ್ಲಿ ಮಾತ್ರ ಎಂಬುದನ್ನು ಗಮನಿಸಬೇಕು.

ಖರ್ಚು ತಗ್ಗಿಸುವ ದಾರಿಗಳು ಹಿಂದಿನಿಂದ ಇವೆ. ಕಲಾವಿದರು ಒಂದು ಪ್ರದೇಶಕ್ಕೆ ಬಂದಾಗ ಅಕ್ಕಪಕ್ಕದ ಕಾಲೇಜುಗಳು ಸೇರಿ ಅವರನ್ನು ಒಟ್ಟಿಗೆ ಗೊತ್ತು ಮಾಡಿಕೊಂಡರೆ ಪ್ರಯಾಣದ ಖರ್ಚು ಹಂಚಿಹೋಗುತ್ತದೆ, ಸಂಭಾವನೆಯೂ ಇಳಿಯುತ್ತದೆ. ಕಾಲೇಜುಗಳು ಹೀಗೆ ಕೂಡಿ ವ್ಯವಹರಿಸಲೆಂದೇ 1960ರಲ್ಲಿ ಅಮೆರಿಕದಲ್ಲಿ ಒಂದು ಸಂಘಟನೆ ಹುಟ್ಟಿತು. ಅದು ಇಂದು ರಾಷ್ಟ್ರಮಟ್ಟದ ಸಂಸ್ಥೆಯಾಗಿದೆ. ಇನ್ನೂ ಒಳ್ಳೆಯ ದಾರಿ ಎಂದರೆ ಕರಾರಿನಲ್ಲೇ ಹಗಲಿನ ಕೆಲಸವನ್ನು ಸೇರಿಸುವುದು. ಸಂಜೆ ಟಿಕೆಟ್ಟಿನ ಕಾರ್ಯಕ್ರಮ ಇದ್ದರೆ ಮಧ್ಯಾಹ್ನ ವಿದ್ಯಾರ್ಥಿಗಳಿಗೆ ಒಂದು ತರಗತಿ, ಬೆಳಿಗ್ಗೆ ಊರಿನ ಶಾಲೆಯ ಮಕ್ಕಳಿಗೆ ಒಂದು ಸಣ್ಣ ಪ್ರದರ್ಶನ. ಸಂಜೆ ಬಂದ ಶ್ರೀಮಂತರ ಟಿಕೆಟ್ಟಿನ ಹಣ ಹಗಲಿನ ಪಾಠಕ್ಕೆ ನೆರವಾಗುತ್ತದೆ. ಪ್ರಸಿದ್ಧರು ಬರಬಾರದೆಂದು ನಾನು ಹೇಳುತ್ತಿಲ್ಲ. ಗೇಲಿಗೆ ಗುರಿಯಾದ ಕಾಲೇಜಿಗೆ ಒಬ್ಬ ಮಹಾ ಕಲಾವಿದೆ ಬಂದು ಹಾಡಿದರೆ ಅಲ್ಲಿ ಓದುವವರ ಬೆನ್ನು ನೆಟ್ಟಗಾಗುತ್ತದೆ. ಆ ಗೌರವ ನಿಜವಾದದ್ದು. ಆದರೆ ಅದು ದಕ್ಕಬೇಕಾದರೆ ಓದುವವರು ಒಳಗೆ ಇರಬೇಕು.

ಈ ವಿಚಾರಕ್ಕೆ ನಮ್ಮಲ್ಲೂ ಸಂಬಂಧ ಇದೆ. ಹನ್ನೆರಡನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಯುಜಿಸಿ ಭಾರತದಲ್ಲಿ ಕಮ್ಯುನಿಟಿ ಕಾಲೇಜುಗಳ ಯೋಜನೆ ತಂದಿತು. ಅದಕ್ಕೂ ಮೊದಲೇ 1995ರಲ್ಲಿ ಪಾಂಡಿಚೇರಿಯಲ್ಲಿ ಒಂದು ಶುರುವಾಗಿತ್ತು. ಯುಜಿಸಿಯ ಯೋಜನೆಯ ಒತ್ತು ಇದ್ದದ್ದು ಕೌಶಲದ ಮೇಲೆ, ಉದ್ಯಮದ ಜೊತೆಗಿನ ಹೊಂದಾಣಿಕೆಯ ಮೇಲೆ, ಉದ್ಯೋಗದ ಮೇಲೆ. ಅದು ಬೇಕಾದದ್ದೇ. ಆದರೆ 1947ರ ವರದಿಯಲ್ಲಿ ಕೌಶಲದ ಪಕ್ಕದಲ್ಲೇ ಇದ್ದ ಊರ ಸಂಸ್ಕೃತಿ ಕೇಂದ್ರದ ಕಲ್ಪನೆಗೆ ಇಲ್ಲಿ ಅಂಥ ಜಾಗ ಸಿಗಲಿಲ್ಲ. ಹಳ್ಳಿಯ, ಪಟ್ಟಣದ ಹುಡುಗರಿಗೆ ಕೆಲಸ ಸಿಕ್ಕರೆ ಸಾಕು ಎಂಬ ಎಣಿಕೆ ಅದರ ಹಿಂದೆ ಇದೆ ಎಂದು ನನಗೆ ಅನುಮಾನ. ಮೈಸೂರು ವಿಶ್ವವಿದ್ಯಾಲಯದ ಹಿರಿಯರು ಹಾಗೆ ಎಣಿಸಿರಲಿಲ್ಲ. ಅವರು ಪ್ರಚಾರೋಪನ್ಯಾಸ ಎಂದು ಮೇಷ್ಟರನ್ನು ಊರೂರಿಗೆ ಕಳಿಸಿದರು, ಆ ಉಪನ್ಯಾಸಗಳನ್ನು ಕಡಿಮೆ ಬೆಲೆಯ ಪುಸ್ತಿಕೆಗಳಾಗಿ ಅಚ್ಚು ಹಾಕಿಸಿದರು. ಕುವೆಂಪು ಕುಲಪತಿಯಾಗಿದ್ದ ಕಾಲದಲ್ಲಿ ಈ ಕೆಲಸ ನೋಡಿಕೊಳ್ಳುವ ಪ್ರಸಾರಾಂಗಕ್ಕೆ ಇನ್ನಷ್ಟು ಬಲ ಬಂತು. ಕೇಳುವವರು ಇದ್ದಲ್ಲಿಗೆ ಅತಿಥಿ ಹೋಗಬೇಕು ಎಂಬುದು ನಮಗೆ ಅಮೆರಿಕದಿಂದ ಕಲಿಯಬೇಕಾದ ಪಾಠವೇನಲ್ಲ.

ಈಗ ನಮ್ಮ ಪದವಿ ಕಾಲೇಜುಗಳಲ್ಲಿ ಅತಿಥಿ ಕಾರ್ಯಕ್ರಮ ಹೇಗೆ ನಡೆಯುತ್ತದೆ? ನಾನು ಕಂಡ ಒಂದನ್ನು ಹೇಳುತ್ತೇನೆ. ತಾಲ್ಲೂಕು ಊರಿನ ಒಂದು ಕಾಲೇಜಿಗೆ ಕಂಸಾಳೆ ಕಲಾವಿದರೊಬ್ಬರನ್ನು ಕರೆಸಿದ್ದರು. ಹನ್ನೊಂದಕ್ಕೆ ಶುರುವಾಗಬೇಕಾದದ್ದು ಉದ್ಘಾಟಕರಿಗೆ ಕಾದು ಹನ್ನೆರಡೂವರೆ ಆಯಿತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಶಾಲು, ಪೇಟ, ಹಣ್ಣಿನ ಬುಟ್ಟಿ. ಪ್ರತಿಯೊಂದಕ್ಕೂ ಫೋಟೊ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ವರದಿಗೆ ಜಿಯೋ ಟ್ಯಾಗ್ ಇರುವ ಫೋಟೊ ಬೇಕು. ಕಲಾವಿದರಿಗೆ ಉಳಿದದ್ದು ಇಪ್ಪತ್ತು ನಿಮಿಷ. ವಂದನಾರ್ಪಣೆ ಮುಗಿದು ಗಣ್ಯರೆಲ್ಲ ಊಟಕ್ಕೆ ಹೋದ ಮೇಲೆ ನಾಲ್ಕಾರು ಬಿಕಾಂ ಹುಡುಗರು ಆ ಕಲಾವಿದರನ್ನು ಬೇವಿನ ಮರದ ಕೆಳಗೆ ಹಿಡಿದು ನಿಲ್ಲಿಸಿದರು. ಬಟ್ಟಲಿನಂಥ ತಾಳವನ್ನು ಎಡ ಅಂಗೈಯಲ್ಲಿ ಹೇಗೆ ಕೂರಿಸಬೇಕು, ಬಲಗೈಯ ತಾಳದ ದಾರವನ್ನು ಎಷ್ಟು ಉದ್ದ ಬಿಟ್ಟು ಬೀಸಬೇಕು, ಬೀಸಿದ್ದು ಮೊಣಕೈಗೆ ತಗಲದ ಹಾಗೆ ಮೈ ಹೇಗೆ ತಿರುಗಿಸಬೇಕು ಎಂದು ಅವರು ಒಬ್ಬೊಬ್ಬರ ಕೈ ಹಿಡಿದು ತೋರಿಸಿದರು. ಒಬ್ಬ ಹುಡುಗ ತನ್ನ ತಾತನೂ ಕಂಸಾಳೆ ಹಿಡಿದು ಹಾಡುವ ಮಾದಪ್ಪನ ಗುಡ್ಡನಾಗಿದ್ದ ಎಂದು ಅಲ್ಲಿಯವರೆಗೆ ಯಾರಿಗೂ ಹೇಳಿರದ ಮಾತು ಹೇಳಿದ. ಆ ಅರ್ಧ ಗಂಟೆಗೆ ಫೋಟೊ ಇಲ್ಲ, ವರದಿಯಲ್ಲಿ ಒಂದು ಸಾಲೂ ಇಲ್ಲ. ಕಾರ್ಯಕ್ರಮ ಎಂದು ಕರೆಯಬೇಕಾದದ್ದು ಅದನ್ನೇ.

ಹಾಗಾದರೆ ಮಾಡಬೇಕಾದದ್ದು ಕಷ್ಟದ್ದಲ್ಲ. ಕಾಲೇಜುಗಳು ಅತಿಥಿಗೆ ಬರೆಯುವ ಪತ್ರದಲ್ಲಿ ವೇದಿಕೆಯ ಸಮಯದ ಜೊತೆಗೆ ತರಗತಿಯ ಸಮಯವನ್ನೂ ನಮೂದಿಸಲಿ, ಎರಡಕ್ಕೂ ಸೇರಿಸಿಯೇ ಗೌರವಧನ ಕೊಡಲಿ. ಒಂದೇ ತಾಲ್ಲೂಕಿನ ಸರ್ಕಾರಿ ಕಾಲೇಜು, ಐಟಿಐ, ಪಾಲಿಟೆಕ್ನಿಕ್ ಕೂಡಿ ಒಬ್ಬ ಕಲಾವಿದೆಯನ್ನು ಎರಡು ದಿನ ಉಳಿಸಿಕೊಳ್ಳಲಿ. ಯಾರನ್ನು ಕರೆಸಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ವಿದ್ಯಾರ್ಥಿಗಳು ಅರ್ಧದಷ್ಟು ಇರಲಿ. ಅವರು ಸಿನಿಮಾ ನಟನನ್ನೇ ಕೇಳಿದರೂ ಕೇಳಲಿ, ಎರಡನೇ ವರ್ಷ ಬೇರೆ ಹೆಸರುಗಳು ಬರುತ್ತವೆ. ನ್ಯಾಕ್‌ನವರು ಅತಿಥಿಯ ಫೋಟೊ ಕೇಳುವ ಬದಲು ಎಷ್ಟು ಜನ ಪ್ರಶ್ನೆ ಕೇಳಿದರು, ಏನು ಕೇಳಿದರು ಎಂದು ಬರೆಸಿಕೊಳ್ಳಲಿ. ಮತ್ತು ಹಳ್ಳಿಗಳ ಕಡೆಗೆ ಕೊನೆಯ ಬಸ್ಸು ಸಂಜೆ ಐದಕ್ಕೆ ಹೊರಡುವ ಊರಿನಲ್ಲಿ ಕಾರ್ಯಕ್ರಮ ಹನ್ನೊಂದಕ್ಕೇ ಶುರುವಾಗಬೇಕು, ಉದ್ಘಾಟಕರು ಬಂದಿರಲಿ, ಬಿಡಲಿ.